ಅನುಪಯೋಗವು ಅಭಾವವಲ್ಲ

ಲ್ಯಾಪ್‌ಟಾಪಿನ ಒಡಲೊಳಗೆ ಎರಡನೆಯದಾಗಿ ಕುಳಿತಿರುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಡ್ರೈವರನ್ನು ಕೊಡದೆ ಬಿಟ್ಟರೆ ಆ ಕಾರ್ಡು ತಾನಾಗಿಯೇ ಆರಿಹೋಗುತ್ತದೆಂಬ ನಂಬಿಕೆಯು ಲಿನಕ್ಸ್ ಬಳಸುವವರಲ್ಲಿ ಎಷ್ಟು ಗಾಢವಾಗಿ ನೆಲೆಗೊಂಡಿದೆಯೆಂದರೆ, ಬ್ಯಾಟರಿ ಬೇಗ ಬರಿದಾಗುತ್ತಿದೆಯೆಂದು ಯಾರಾದರೂ ಹೇಳಿಕೊಂಡೊಡನೆ, ಕೇಳಿದವನು ಯಂತ್ರ ಯಾವುದು, ಕಾರ್ಡು ಯಾವ ಕಾಲದ್ದು, ಕರ್ನಲ್ ಯಾವ ಆವೃತ್ತಿಯದು ಎಂಬ ಯಾವ ವಿಚಾರಣೆಗೂ ತೊಡಗದೆ, ‘ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿಬಿಡು, ಸರಿಹೋಗುತ್ತದೆ’ ಎಂದು ಉಪದೇಶಿಸಿ ತನ್ನ ದಾರಿ ಹಿಡಿಯುವುದು ವಾಡಿಕೆಯಾಗಿದೆ. ಕೇಳಿಸಿಕೊಂಡವನೂ ಒಂದೆರಡು ಸಾಲು ಬರೆದು, ಯಂತ್ರವನ್ನು ಮತ್ತೆ ಹೊತ್ತಿಸಿ, ಕಾರ್ಡಿನ ಸುದ್ದಿ ಎಲ್ಲಿಯೂ ಕಾಣದಿರುವುದನ್ನು ನೋಡಿ ತೃಪ್ತನಾಗುತ್ತಾನೆ. ಈ ಉಪದೇಶವು ಅಪೂರ್ಣವೆಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದು ಉದ್ದೇಶಕ್ಕೆ ನೇರ ವಿರುದ್ಧವಾದ ಫಲವನ್ನೇ ಕೊಡತಕ್ಕದ್ದು. ಯಾವನು ಕಾರ್ಡಿನ ವಿದ್ಯುತ್ತನ್ನು ಕಡಿಯಬಲ್ಲನೋ ಅವನನ್ನೇ ಮೊದಲು ಹೊರಗಟ್ಟಿ, ಅನಂತರ ವಿದ್ಯುತ್ತು ಕಡಿಯಲ್ಪಟ್ಟಿತೆಂದು ನಂಬುವ ಈ ಮತವನ್ನು ಖಂಡಿಸುವುದೇ ಪ್ರಸ್ತುತ ಲೇಖನದ ಪ್ರಯೋಜನ.

ಇದು ಅನುಕೂಲಸ್ಥ ಹವ್ಯಾಸಿಗಳ ವಿನೋದದ ಚರ್ಚೆಯೆಂದು ತಳ್ಳಿಹಾಕುವವರು ಕೋಲಾರದ ಚಿನ್ನದ ಗಣಿಯ ಊರನ್ನೂ ಬಂಗಾರಪೇಟೆಯನ್ನೂ ಒಮ್ಮೆ ಲಕ್ಷ್ಯಕ್ಕೆ ತಂದುಕೊಳ್ಳಬೇಕು. 2001ರ ಫೆಬ್ರವರಿಯ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ ಮೇಲೆ ಕೆಜಿಎಫ್‌ನ ಅನೇಕಾನೇಕ ಮನೆಗಳ ಜೀವನೋಪಾಯವು ಬೆಂಗಳೂರಿನ ಕಡೆಗೆ ಮುಖಮಾಡಿತು. 1894ರಲ್ಲಿ ಗಣಿಗಳ ಸಲುವಾಗಿಯೇ ಹಾಸಲ್ಪಟ್ಟ ಬಂಗಾರಪೇಟೆ–ಮಾರಿಕುಪ್ಪಂ ಕವಲುಹಳಿಯು, ಕಲ್ಲಿದ್ದಲನ್ನೂ ಯಂತ್ರಭಾಗಗಳನ್ನೂ ಒಳಕ್ಕೆ ತರುವ ಕಾರ್ಯವನ್ನು ಬಿಟ್ಟು, ನಸುಕಿನಲ್ಲಿ ಮನುಷ್ಯರನ್ನು ಹೊರಕ್ಕೆ ಕೊಂಡೊಯ್ದು ರಾತ್ರಿ ಹಿಂದಿರುಗಿಸುವ ಕಾರ್ಯಕ್ಕೆ ತೊಡಗಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದವರು ಬಂಗಾರಪೇಟೆಯನ್ನು ದಾಟಿ, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರಗಳ ಮಾರ್ಗವಾಗಿ ಇನ್ನೂ ಎಪ್ಪತ್ತು ಕಿಲೋಮೀಟರಿನಷ್ಟು ದೂರ ಹೋಗಬೇಕು. ಇವರಲ್ಲಿ ಕಾಲೇಜಿನ ವಿದ್ಯಾರ್ಥಿಯೋ ಹೊಸದಾಗಿ ಕೆಲಸಕ್ಕೆ ಸೇರಿದ ತರುಣಿಯೋ ತೊಡೆಯ ಮೇಲೆ ತೆರೆದುಕೊಂಡಿರುವ ಲ್ಯಾಪ್‌ಟಾಪು ಹಲವು ವೇಳೆ ಹೊಸದಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು, ಹಿಂದೆ ಯಾರದೋ ಆಟಕ್ಕಾಗಿ ಎನ್‌ವಿಡಿಯಾ ಕಾರ್ಡನ್ನು ಹೊತ್ತುಬಂದದ್ದು, ವಿಂಡೋಸಿನ ಭಾರವನ್ನು ತಾಳಲಾರದೆ ಲಿನಕ್ಸಿಗೆ ಒಲಿದದ್ದು. ಪ್ಯಾಸೆಂಜರ್ ಗಾಡಿಯ ನಿಬಿಡ ಜನಸಂದಣಿಯಲ್ಲಿ ಚಾರ್ಜರಿನ ಆಶ್ರಯವನ್ನು ನಂಬಿ ಹೊರಡುವಂತಿಲ್ಲವಾದುದರಿಂದ, ಅವರ ಪಾಲಿಗೆ ಬ್ಯಾಟರಿಯ ಒಂದು ಗಂಟೆಯೆಂದರೆ ಓದಿನ ಇಲ್ಲವೆ ಕೆಲಸದ ಒಂದು ಗಂಟೆಯೇ ಸರಿ. ತಪ್ಪು ಉಪದೇಶಕ್ಕೆ ದಂಡ ತೆರುವವರು ಇವರು.

ಖಂಡನೆಗೆ ಮುಂಚೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸುವುದು ನ್ಯಾಯ. ಅದಕ್ಕೆ ಮೂರು ಅಂಗಗಳಿವೆ. ಮೊದಲನೆಯದು ತತ್ತ್ವದ ಮಾತು: ಕಾರ್ಡಿಗೆ ಕೆಲಸ ಹೇಳುವವನು ಡ್ರೈವರು, ಹೇಳುವವನಿಲ್ಲವಾದರೆ ಕೆಲಸವಿಲ್ಲ, ಕೆಲಸವಿಲ್ಲದಲ್ಲಿ ವೆಚ್ಚವೂ ಇಲ್ಲ. ಎರಡನೆಯದು ಸಂಶಯದ ಮಾತು: ಲಿನಕ್ಸಿನಲ್ಲಿ ಕಾರ್ಡನ್ನು ಮಲಗಿಸಿ ಎಬ್ಬಿಸುವ ವ್ಯವಸ್ಥೆಯು ಎಂದೂ ನೆಟ್ಟಗೆ ನಡೆದಿಲ್ಲ, ಮಲಗಿದ ಕಾರ್ಡು ಏಳದೆ ಯಂತ್ರವೇ ಸ್ತಂಭಿಸಿಹೋದ ನಿದರ್ಶನಗಳುಂಟು, ಆದಕಾರಣ ಅದರ ಗೋಜಿಗೆ ಹೋಗದಿರುವುದೇ ಕ್ಷೇಮ. ಮೂರನೆಯದು ಪ್ರತ್ಯಕ್ಷದ ಮಾತು: ಡ್ರೈವರನ್ನು ತೆಗೆದ ಮೇಲೆ ಕಾರ್ಡಿನ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ, ಅದರ ಮೇಲೆ ಯಾವ ಕಾರ್ಯಕ್ರಮವೂ ಓಡುವುದಿಲ್ಲ, ಕಾಣದ್ದು ಇಲ್ಲವೆಂದೇ ಅಲ್ಲವೆ? ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸೋಣ.

ಕೆಲಸವಿಲ್ಲದಲ್ಲಿ ವೆಚ್ಚವಿಲ್ಲವೆಂಬ ಮಾತನ್ನು ಬೇರೆ ಯಾವ ಊರಿನಲ್ಲಾದರೂ ಆಡಬಹುದು, ಕೆಜಿಎಫ್‌ನಲ್ಲಿ ಆಡಬಾರದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಫಲವಾಗಿ, ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಎಂಜಿನಿಯರನ ಯೋಜನೆಯಂತೆ, ಶಿವನಸಮುದ್ರದ ಕಾವೇರಿಯ ಬಲವು 1902ರ ಜೂನ್ 30ರಂದು 92 ಮೈಲಿಗಳ ತಂತಿಯ ಮೇಲೆ ಹರಿದು ಈ ಗಣಿಗಳಿಗೆ ಬಂದು ಮುಟ್ಟಿತು; ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು ಅದಕ್ಕೆ ಮೂರು ವರ್ಷ ತರುವಾಯ, 1905ರಲ್ಲಿ. ಆ ಕಾಲದ ಜಗತ್ತಿನ ಅತಿ ದೀರ್ಘ ತಂತಿಮಾರ್ಗಗಳಲ್ಲಿ ಒಂದನ್ನು ಅಷ್ಟು ಪ್ರಯಾಸದಿಂದ ನಿರ್ಮಿಸಬೇಕಾಗಿ ಬಂದುದು ಅದಿರನ್ನು ಕುಟ್ಟುವ ಯಂತ್ರಗಳಿಗಾಗಿ ಮಾತ್ರವೇ ಎಂದು ಯಾರಾದರೂ ಭಾವಿಸಿದರೆ ಅವರಿಗೆ ಗಣಿಯ ಸ್ವಭಾವ ತಿಳಿಯದು. ಆಳವಾದ ಗಣಿಗೆ ಇಳಿದ ಮನುಷ್ಯನಿಗೆ ಉಸಿರು ಬೇಕು, ಅದನ್ನು ಕಳುಹಿಸಲು ಬೀಸುಯಂತ್ರಗಳು ತಿರುಗುತ್ತಿರಬೇಕು. ಬಂಡೆಯ ಸೀಳುಗಳಿಂದ ನೀರು ಒಸರುತ್ತಲೇ ಇರುವುದರಿಂದ ಅದನ್ನು ಮೇಲಕ್ಕೆತ್ತುವ ಪಂಪುಗಳಿಗೆ ವಿರಾಮವಿರಬಾರದು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು, ಬಂಡೆಯೇ ಕಾದ ಒಲೆಯಂತಾದ ಮೇಲೆ ಒಳಗಿನ ಗಾಳಿಯನ್ನು ತಂಪಾಗಿಸುವ ಯಂತ್ರಗಳೂ ಬಂದವು. ಹಬ್ಬದ ದಿನ ಒಂದು ತೊಲ ಅದಿರೂ ಮೇಲೆ ಬಾರದಿದ್ದೀತು. ಆದರೂ ನೀರು ರಜೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ, ಆದಕಾರಣ ಪಂಪೂ ತೆಗೆದುಕೊಳ್ಳುವಂತಿರಲಿಲ್ಲ. ಚಿನ್ನದ ತೂಕವೊಂದು, ವಿದ್ಯುತ್ತಿನ ವೆಚ್ಚವೊಂದು; ತೆರೆದಿರುವ ಗಣಿಯು ತೆರೆದಿರುವುದಕ್ಕಾಗಿಯೇ ಸುಂಕ ಕೇಳುತ್ತದೆ.

ಇನ್ನು ಆ ಗಣಿಯನ್ನು ನಿಲ್ಲಿಸಿದಾಗ ಆದದ್ದೇನು? ಪಂಪುಗಳು ನಿಂತ ಮೇಲೆ ಶತಮಾನದ ಶ್ರಮದಿಂದ ಕೊರೆದ ಸುರಂಗಗಳಲ್ಲಿ ನೀರು ಏರಿ ತುಂಬಿತು. ಮೇಲೆ, ಚಿನ್ನವನ್ನು ತೆಗೆದುಕೊಂಡು ಉಳಿದ ಮೂರು ಕೋಟಿ ಟನ್ನಿಗೂ ಮಿಕ್ಕ ಹುಡಿಯು ಸೈನೈಡ್ ಗುಡ್ಡಗಳಾಗಿ ನಿಂತಿದ್ದು, ಗಾಳಿ ಬೀಸಿದಾಗಲೆಲ್ಲ ಮನೆಗಳ ಮೇಲೆ ಧೂಳಾಗಿ ಇಳಿಯುತ್ತಿದೆ. ಕೆಲಸದವರು ಹೊರಟುಹೋದದ್ದರಿಂದ ಗಣಿಯು ಇಲ್ಲವಾಗಲಿಲ್ಲ. ಮುಚ್ಚುವಿಕೆಯೆಂಬುದು ತಾನೇ ಒಂದು ಕೆಲಸ. ಅದಕ್ಕೆ ನಕ್ಷೆಯನ್ನು ಬಲ್ಲ ಎಂಜಿನಿಯರು ಬೇಕು, ಕ್ರಮ ಬೇಕು, ಕೊನೆಯ ಕೀಲಿಯನ್ನು ತಿರುಗಿಸುವ ಕೈ ಬೇಕು. ನಮ್ಮ ಪೂರ್ವಪಕ್ಷದವರು ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಮಾಡುತ್ತಿರುವುದು, ಆ ಎಂಜಿನಿಯರನನ್ನು ಮೊದಲ ಗಾಡಿಗೆ ಹತ್ತಿಸಿ ಕಳುಹಿಸಿ, ಗಣಿಯು ಶಾಸ್ತ್ರೋಕ್ತವಾಗಿ ಮುಚ್ಚಲ್ಪಟ್ಟಿತೆಂದು ಕಾಗದದಲ್ಲಿ ಬರೆದುಕೊಳ್ಳುವ ಕೆಲಸ.

ಈಗ ಯಂತ್ರದೊಳಗಿನ ವಾಸ್ತವವನ್ನು ನೋಡೋಣ. ಪಿಸಿಐ ಎಕ್ಸ್‌ಪ್ರೆಸ್ ಮಾರ್ಗಕ್ಕೆ ಸೇರಿದ ಪ್ರತಿಯೊಂದು ಉಪಕರಣಕ್ಕೂ ಡಿ0 ಎಂಬುದರಿಂದ ಮೊದಲ್ಗೊಂಡು ಡಿ3 ಎಂಬುದರವರೆಗೆ ಅವಸ್ಥೆಗಳನ್ನು ವಿಧಿಸಿದ್ದಾರೆ. ಡಿ0 ಎಂದರೆ ಪೂರ್ಣ ಜಾಗ್ರದವಸ್ಥೆ. ಡಿ3 ಎಂಬುದರಲ್ಲಿಯೇ ಎರಡು ಭೇದಗಳಿವೆ: ಡಿ3 ಹಾಟ್ ಎಂಬ ಸುಷುಪ್ತಿಯಲ್ಲಿ ಉಪಕರಣವು ಕಾರ್ಯವನ್ನು ನಿಲ್ಲಿಸಿದ್ದರೂ ಅದಕ್ಕೆ ವಿದ್ಯುತ್ತಿನ ಸರಬರಾಜು ಇದ್ದೇ ಇರುತ್ತದೆ, ಡಿ3 ಕೋಲ್ಡ್ ಎಂಬುದರಲ್ಲಿ ಮುಖ್ಯ ಸರಬರಾಜನ್ನೇ ಕಡಿಯಲಾಗುತ್ತದೆ. ಬ್ಯಾಟರಿಯ ದೃಷ್ಟಿಯಿಂದ ನಾವು ಬಯಸುವುದು ಈ ಕೊನೆಯದನ್ನು. ಲಿನಕ್ಸ್ ಕರ್ನಲಾದರೋ, ಪಿಸಿಐ ಉಪಕರಣವೊಂದನ್ನು ಕಂಡುಕೊಂಡಾಗ, ಅದರ ‘ಪವರ್’ ಎಂಬ ಕೋಶದಲ್ಲಿ ‘ಕಂಟ್ರೋಲ್’ ಎಂಬ ಕಡತದೊಳಗೆ ‘ಆನ್’ ಎಂದೇ ಇಟ್ಟುಕೊಳ್ಳುತ್ತದೆ. ಅಂದರೆ, ಅರಿತವರು ಯಾರಾದರೂ ಬಂದು ಅನುಮತಿ ಕೊಡುವವರೆಗೆ ಇದನ್ನು ಮಲಗಿಸಕೂಡದೆಂದು ಅರ್ಥ. ಅದನ್ನು ‘ಆಟೋ’ ಎಂದು ಮಾರ್ಪಡಿಸಿ ಅನುಮತಿಯನ್ನು ಕೊಡತಕ್ಕವನು ಸಾಮಾನ್ಯವಾಗಿ ಡ್ರೈವರು; ಕೆಲವೊಮ್ಮೆ ಆಡಳಿತಗಾರನು ಬರೆದಿಟ್ಟ ನಿಯಮ. ಡ್ರೈವರಿಲ್ಲದ ಉಪಕರಣವನ್ನು ಕರ್ನಲ್ ತಾನಾಗಿ ಮಲಗಿಸದೆ ಡಿ0 ಅವಸ್ಥೆಯಲ್ಲಿಯೇ ಬಿಡುತ್ತದೆ. ಅದರ ಮೇಲಣ ಬ್ರಿಡ್ಜ್ ಎಂಬ ಸೇತುಭಾಗವು ತಾನು ಮಲಗಿ ವಿದ್ಯುತ್ತನ್ನು ಕಡಿದರೆ ಮಾತ್ರ ಅದಕ್ಕೂ ಕಡಿಯುತ್ತದೆ, ಮತ್ತು ತನ್ನ ಕೆಳಗಿನ ಉಪಕರಣಕ್ಕೆ ‘ಆನ್’ ಎಂಬ ಶಾಸನವಿರುವವರೆಗೆ ಸೇತುವು ಮಲಗುವಂತಿಲ್ಲ. ಹೀಗಿರಲಾಗಿ, ಬ್ಲ್ಯಾಕ್‌ಲಿಸ್ಟಿನ ಎರಡು ಸಾಲು ಬರೆದವನು ಸಾಧಿಸಿದ್ದೇನು? ಫರ್ಮ್‌ವೇರು ಯಂತ್ರವನ್ನು ಹೊತ್ತಿಸಿ ಕಾರ್ಡನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಯಿತೋ ಅದೇ ಸ್ಥಿತಿಯಲ್ಲಿ, ವೇಗವನ್ನು ಇಳಿಸುವವರೂ ಇಲ್ಲದೆ, ನಿದ್ರೆಗೆ ಕಳುಹಿಸುವವರೂ ಇಲ್ಲದೆ, ಅದು ಎಚ್ಚರವಾಗಿ ಕುಳಿತಿರುವಂತೆ ಮಾಡಿದ್ದು. ಕಾರ್ಡು ನಿರುದ್ಯೋಗಿಯಾಯಿತು, ಅದರ ಊಟ ನಿಲ್ಲಲಿಲ್ಲ.

ಸರಬರಾಜನ್ನು ಕಡಿಯುವ ಕೀಲಿಯಾದರೂ ಎಲ್ಲಿದೆ? ಅದು ಕಾರ್ಡಿನಲ್ಲಿಲ್ಲ, ಮದರ್‌ಬೋರ್ಡಿನಲ್ಲಿದೆ. ಅದನ್ನು ತಿರುಗಿಸುವ ವಿಧಾನವನ್ನು ಯಂತ್ರದ ತಯಾರಕನು ಎಸಿಪಿಐ ಎಂಬ ಸಂಹಿತೆಯ ರೂಪದಲ್ಲಿ ಫರ್ಮ್‌ವೇರಿನೊಳಗೆ ಬರೆದಿಟ್ಟಿರುತ್ತಾನೆ. ಹಳೆಯ ಯಂತ್ರಗಳಲ್ಲಿ ಡ್ರೈವರು ಒಂದು ವಿಶೇಷ ವಿಧಾನವನ್ನು ಹೆಸರು ಹಿಡಿದು ಕರೆಯಬೇಕಾಗಿತ್ತು. 2015ರಿಂದ ಈಚೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಆ ಅಧಿಕಾರವನ್ನು ಸೇತುಭಾಗದ ವಿದ್ಯುತ್ ಸಂಪನ್ಮೂಲಕ್ಕೆ ಸೇರಿಸಿದ್ದಾರೆ. ಲಿನಕ್ಸಿನವರು ಈ ಕೀಲಿಯನ್ನು ಹುಡುಕಿ ಕೈಗೆ ತೆಗೆದುಕೊಂಡ ಚರಿತ್ರೆ ದೀರ್ಘವಾಗಿದೆ. 2010ರಲ್ಲಿ ಎನ್‌ವಿಡಿಯಾ, ಪ್ರತ್ಯೇಕ ಕಾರ್ಡನ್ನು ಬೇಕಾದಾಗ ಮಾತ್ರ ಎಬ್ಬಿಸುವ ತನ್ನ ಆಪ್ಟಿಮಸ್ ಏರ್ಪಾಡನ್ನು ಪ್ರಕಟಿಸಿದಾಗ ಅದು ವಿಂಡೋಸಿಗೆ ಮಾತ್ರ ಮೀಸಲಾಗಿತ್ತು. ಅದೇ ವರ್ಷ ಕರ್ನಲಿನ 2.6.34ನೆಯ ಆವೃತ್ತಿಯಲ್ಲಿ ವಿಜಿಎ ಸ್ವಿಚರೂ ಎಂಬ ಒರಟು ಸಾಧನವು ಸೇರಿ, ಆಡಳಿತಗಾರನು ಕೈಯಾರೆ ‘ಆಫ್’ ಎಂದು ಬರೆದು ಕಾರ್ಡನ್ನು ಆರಿಸುವ ದಾರಿ ತೆರೆಯಿತು. 2011ರ ಸುಮಾರಿಗೆ ಬಂಬಲ್‌ಬೀ ಎಂಬ ಸ್ವಯಂಸೇವಕರ ಯೋಜನೆಯೂ ಅದರೊಡನೆ ಬಿಬಿಸ್ವಿಚ್ ಎಂಬ ಉಪಾಂಗವೂ ಬಂದವು. 2013ರ ಕೊನೆಯ 3.12ನೆಯ ಕರ್ನಲಿನಿಂದ ನೂವೋ ಎಂಬ ಮುಕ್ತ ಡ್ರೈವರು, ಕೆಲಸವಿಲ್ಲದೆ ಐದು ಸೆಕೆಂಡು ಕಳೆದರೆ ಕಾರ್ಡನ್ನು ತಾನಾಗಿಯೇ ಆರಿಸಿ, ಬೇಕಾದಾಗ ಎಬ್ಬಿಸುವುದನ್ನು ಕಲಿತಿತು. 2014ರ ಆರಂಭದ 3.13ರಲ್ಲಿ ಎಎಮ್‌ಡಿ ಕಾರ್ಡುಗಳ ರೇಡಿಯನ್ ಡ್ರೈವರೂ ಅದೇ ವಿದ್ಯೆಯನ್ನು ಪಡೆಯಿತು. 2016ರ 4.8ನೆಯ ಆವೃತ್ತಿಯು ಸೇತುಭಾಗಗಳನ್ನೇ ಮಲಗಿಸುವ ಕ್ರಮವನ್ನು ತಂದಿತು. 2019ರಲ್ಲಿ ಎನ್‌ವಿಡಿಯಾದ ಸ್ವಂತ ಡ್ರೈವರು, ತನ್ನ 435ನೆಯ ಸರಣಿಯಿಂದ, ಟ್ಯೂರಿಂಗ್ ಮತ್ತು ಅನಂತರದ ಪೀಳಿಗೆಯ ಕಾರ್ಡುಗಳಿಗೆ ಇದೇ ಸೌಕರ್ಯವನ್ನು ಒದಗಿಸಿತು. ಈ ಒಂದು ದಶಕದ ಎಲ್ಲ ಪರಿಶ್ರಮವೂ ಒಂದೇ ಸ್ಥಾನದಲ್ಲಿ ಸಂಚಿತವಾಗಿದೆ: ಡ್ರೈವರಿನಲ್ಲಿ. ಅದನ್ನು ತೆಗೆದುಹಾಕೆಂದು ಹೇಳುವವನು ಆ ದಶಕವನ್ನೇ ತೆಗೆದುಹಾಕೆಂದು ಹೇಳುತ್ತಿದ್ದಾನೆ.

ಅನರ್ಥವು ವಾಸ್ತವವಾಗಿ ಹೇಗೆ ಸಂಭವಿಸುತ್ತದೆಂಬುದನ್ನು ವಿವರಿಸಿದರೆ ವಿಷಯ ಇನ್ನೂ ಸ್ಪಷ್ಟವಾದೀತು. ಸೆಕೆಂಡ್ ಹ್ಯಾಂಡ್ ಯಂತ್ರವನ್ನು ತಂದ ವಿದ್ಯಾರ್ಥಿಯು ಲಿನಕ್ಸನ್ನು ಸ್ಥಾಪಿಸಿದಾಗ ನೂವೋ ಡ್ರೈವರು ತಾನಾಗಿಯೇ ಬಂದು, ಯಾರ ಗಮನಕ್ಕೂ ಬಾರದಂತೆ ಕಾರ್ಡನ್ನು ಆರಿಸಿಟ್ಟಿರುತ್ತದೆ. ಹಿತೈಷಿಯೊಬ್ಬರು ‘ಕಂಪನಿಯ ಡ್ರೈವರು ಹಾಕಿಕೊಂಡರೆ ವೇಗ ಹೆಚ್ಚು’ ಎನ್ನುತ್ತಾರೆ. ಅದನ್ನು ಹಾಕುವಾಗ ಸ್ಥಾಪನೆಯ ಅಂಗವಾಗಿ ನೂವೋ ಬಹಿಷ್ಕೃತವಾಗುತ್ತದೆ. ಕಾರ್ಡು ಟ್ಯೂರಿಂಗಿಗಿಂತ ಹಿಂದಿನ ಪೀಳಿಗೆಯದಾದರೆ ಕಂಪನಿಯ ಡ್ರೈವರಿಗೆ ಅದರ ಸರಬರಾಜನ್ನು ನಡುನಡುವೆ ಪೂರ್ತಿ ಕಡಿಯುವ ಶಕ್ತಿಯಿಲ್ಲವಾದುದರಿಂದ ಬ್ಯಾಟರಿ ಇಳಿಯತೊಡಗುತ್ತದೆ. ಆಗ ಇನ್ನೊಬ್ಬ ಹಿತೈಷಿ ಬಂದು ‘ಅದನ್ನೂ ತೆಗೆದುಬಿಡು’ ಎನ್ನುತ್ತಾರೆ. ತೆಗೆದದ್ದಾಯಿತು, ನೂವೋ ಮೇಲಣ ಬಹಿಷ್ಕಾರದ ಸಾಲು ಮಾತ್ರ ಯಾವುದೋ ಕಡತದ ಮೂಲೆಯಲ್ಲಿ ಉಳಿದುಕೊಂಡಿತು. ಮೊದಲ ದಿನ ಏನೂ ಮಾಡದೆ ಇದ್ದಾಗ ಆರಿಕೊಂಡಿದ್ದ ಕಾರ್ಡು, ಇಬ್ಬರು ಹಿತೈಷಿಗಳ ಉಪಚಾರವಾದ ಮೇಲೆ, ಅಹೋರಾತ್ರಿ ಎಚ್ಚರವಾಗಿರುವ ಸ್ಥಿತಿಗೆ ಬಂದಿತು. ಇಷ್ಟಾದ ಮೇಲೆ ಕೊನೆಯಲ್ಲಿ ಬರುವ ತೀರ್ಪು ಏನೆಂದರೆ, ‘ಲಿನಕ್ಸ್ ಬ್ಯಾಟರಿಯನ್ನು ತಿನ್ನುತ್ತದೆ!’

ಎರಡನೆಯ ಅಂಗವಾದ ಸಂಶಯಕ್ಕೆ ಆಧಾರವೇ ಇಲ್ಲವೆಂದು ನಾನು ವಾದಿಸುವುದಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಸಭೆಯಲ್ಲಿ ಶ್ರೋತೃವೊಬ್ಬರು ಆಪ್ಟಿಮಸ್ ಲ್ಯಾಪ್‌ಟಾಪಿನ ಸಂಕಟವನ್ನು ಮುಂದಿಟ್ಟಾಗ, ಕರ್ನಲಿನ ಕರ್ತೃವಾದ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾವನ್ನು ಅಶ್ಲೀಲವಾದ ಸನ್ನೆಯೊಡನೆ ಬಹಿರಂಗವಾಗಿ ಧಿಕ್ಕರಿಸಿದ್ದು ಲೋಕಪ್ರಸಿದ್ಧ. ಆ ರೋಷವು ಅಂದಿನ ಸ್ಥಿತಿಗೆ ತಕ್ಕುದಾಗಿಯೇ ಇದ್ದಿತು. ಅನಂತರವೂ, ಆರಿದ ಕಾರ್ಡನ್ನು ಎಬ್ಬಿಸಹೋದಾಗ ಇಡೀ ಯಂತ್ರವೇ ಮರವಟ್ಟು ನಿಂತ ಪ್ರಕರಣಗಳು ಕೆಲವು ಮಾದರಿಗಳಲ್ಲಿ ವರ್ಷಗಟ್ಟಲೆ ಕಾಡಿದವು. ಕೆಲವು ಇಂಟೆಲ್ ಸೇತುಭಾಗಗಳ ಕೆಳಗಿರುವ ಕಾರ್ಡುಗಳ ವಿಷಯದಲ್ಲಿ ನೂವೋ ಡ್ರೈವರಿನೊಳಗೆ 2020ರಲ್ಲಿ ಪರಿಹಾರವನ್ನು ಸೇರಿಸಬೇಕಾಯಿತು. ಇದೆಲ್ಲವೂ ನಿಜ. ಆದರೆ ಇದರಿಂದ ಸಿದ್ಧವಾಗುವುದು ಯಾವುದು? ಕಾವಲುಗಾರನು ಒಂದು ಕಾಲದಲ್ಲಿ ಅಸಮರ್ಥನಾಗಿದ್ದನೆಂಬುದೇ ಹೊರತು, ಕಾವಲಿಲ್ಲದಿದ್ದರೆ ಮನೆ ಸುರಕ್ಷಿತವೆಂಬುದಲ್ಲ. ಅಂದಿನ ದೋಷಕ್ಕೆ ಅಂದು ಹುಡುಕಿದ ಉಪಾಯವನ್ನು, ದೋಷವು ನಿವಾರಣೆಯಾದ ಮೇಲೆಯೂ, ಅದರ ಕಾರಣವನ್ನು ಮರೆತು ಆಚರಿಸುತ್ತ ಹೋಗುವುದಕ್ಕೆ ನಮ್ಮಲ್ಲಿ ಕುರುಡು ಸಂಪ್ರದಾಯವೆಂದು ಹೆಸರು. ಮಡಿಯುಟ್ಟವರ ಸಂಪ್ರದಾಯವನ್ನು ಗೇಲಿಮಾಡುವ ತಂತ್ರಜ್ಞರು ತಮ್ಮ ಕೀಲಿಮಣೆಯ ಮುಂದೆ ಅದನ್ನೇ ನಡೆಸುತ್ತಿರುವುದು ಸೋಜಿಗವಾಗಿದೆ. ಬಿಬಿಸ್ವಿಚ್ಚನ್ನು ಇಂದಿಗೂ ಹೊಸ ಯಂತ್ರಗಳಿಗೆ ಹಚ್ಚುವವರ ಅವಸ್ಥೆಯೂ ಇದೇ: ಹಳೆಯ ವಿಧಾನಕ್ಕಾಗಿ ರಚಿಸಲ್ಪಟ್ಟ ಆ ಸಾಧನವು, ಸೇತುಭಾಗದ ಮೂಲಕ ನಡೆಯುವ ಹೊಸ ಕ್ರಮದೊಡನೆ ಹೊಂದಿಕೊಳ್ಳುವುದಿಲ್ಲ.

ಮೂರನೆಯ ಅಂಗವಾದ ಪ್ರತ್ಯಕ್ಷಕ್ಕೆ ಬರೋಣ. ಕಾರ್ಡು ಕಾಣದಿರುವುದು ಅದು ಆರಿರುವುದಕ್ಕೆ ಪ್ರಮಾಣವಲ್ಲವೆಂದು ಇಷ್ಟು ಹೊತ್ತಿಗೆ ವಿಶದವಾಗಿದೆ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮವಿದ್ದು, ಅದು ಅನೇಕರನ್ನು ವಿರುದ್ಧ ದಿಕ್ಕಿನಲ್ಲಿಯೂ ಮೋಸಗೊಳಿಸಿದೆ. ಡ್ರೈವರು ಸರಿಯಾಗಿ ಕಾರ್ಡನ್ನು ಆರಿಸಿರುವ ಯಂತ್ರದಲ್ಲಿ, ಸಂಶಯಗ್ರಸ್ತನು ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನೋ ಎನ್‌ವಿಡಿಯಾ ಎಸ್‌ಎಂಐ ಎಂಬ ಸಾಧನವನ್ನೋ ಓಡಿಸಿ ಪರೀಕ್ಷಿಸುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಕಾರ್ಡು ಎದ್ದು ಕೂರುತ್ತದೆ. ಎದ್ದು ಕೂತದ್ದನ್ನು ನೋಡಿದವನು ‘ನೋಡಿದಿರಾ, ಇದು ಮಲಗಿಯೇ ಇರಲಿಲ್ಲ’ ಎನ್ನುತ್ತಾನೆ. ಪರದೆಯ ಅಂಚಿನಲ್ಲಿ ಕಾರ್ಡಿನ ಉಷ್ಣತೆಯನ್ನು ಕ್ಷಣಕ್ಷಣಕ್ಕೂ ತೋರಿಸುವ ಅಲಂಕಾರಗಳನ್ನು ಹಾಕಿಕೊಂಡಿರುವವರ ಯಂತ್ರದಲ್ಲಂತೂ ಅದಕ್ಕೆ ಕಣ್ಣು ಮುಚ್ಚುವ ಅವಕಾಶವೇ ಇಲ್ಲ. ಎಬ್ಬಿಸದೆ ವಿಚಾರಿಸುವ ಮಾರ್ಗವೊಂದಿದೆ: ‘ಪವರ್’ ಕೋಶದಲ್ಲಿಯೇ ಇರುವ ‘ರನ್‌ಟೈಮ್ ಸ್ಟೇಟಸ್’ ಎಂಬ ಕಡತವನ್ನು ಓದಿದರೆ, ಅದು ಕಾರ್ಡನ್ನು ಮುಟ್ಟದೆ, ‘ಆಕ್ಟಿವ್’ ಎಂದೋ ‘ಸಸ್ಪೆಂಡೆಡ್’ ಎಂದೋ ಕರ್ನಲಿನ ಲೆಕ್ಕವನ್ನು ಹೇಳುತ್ತದೆ. ಅದಕ್ಕೂ ಮಿಗಿಲಾದ ಪ್ರಮಾಣವು ಬ್ಯಾಟರಿಯದು. ಚಾರ್ಜರನ್ನು ಕಿತ್ತು, ಬ್ಯಾಟರಿಯ ಕೋಶದಲ್ಲಿರುವ ‘ಪವರ್ ನೌ’ ಎಂಬ ಕಡತವನ್ನು ಓದಿದರೆ ಯಂತ್ರವು ಆ ಕ್ಷಣದಲ್ಲಿ ಎಳೆಯುತ್ತಿರುವ ವಿದ್ಯುತ್ತು ಮೈಕ್ರೋವ್ಯಾಟುಗಳ ಲೆಕ್ಕದಲ್ಲಿ ದೊರೆಯುತ್ತದೆ. ಕೆಲವು ಯಂತ್ರಗಳು ಅದರ ಬದಲಿಗೆ ಪ್ರವಾಹವನ್ನೂ ವೋಲ್ಟೇಜನ್ನೂ ಬೇರೆಬೇರೆಯಾಗಿ ಕೊಡುವುದರಿಂದ ಅವೆರಡನ್ನು ಗುಣಿಸಿಕೊಳ್ಳಬೇಕಾದೀತು. ಪವರ್‌ಟಾಪ್ ಎಂಬ ಸಾಧನವು ಇದೇ ಅಂಕಿಯನ್ನು ಸಂಸ್ಕರಿಸಿ ತೋರಿಸುತ್ತದೆ.

ಈ ಅಳತೆಯ ಮಹತ್ತ್ವವನ್ನು ತಿಳಿಯಲು ಕಲ್ಪಿತವಾದ ಒಂದು ಲೆಕ್ಕ ಸಾಕು. ಹಳೆಯದಾಗಿ 30 ವ್ಯಾಟ್ ಗಂಟೆಗಳ ಸತ್ತ್ವ ಮಾತ್ರ ಉಳಿದಿರುವ ಬ್ಯಾಟರಿಯೊಂದನ್ನು ಭಾವಿಸೋಣ. ಪರದೆ ಮಂದವಾಗಿದ್ದು, ಬರಹದ ಕೆಲಸ ಮಾತ್ರ ನಡೆಯುತ್ತಿರುವಾಗ ಯಂತ್ರವು 6 ವ್ಯಾಟು ಎಳೆದರೆ ಐದು ಗಂಟೆ ಬಾಳಿಕೆ. ಎಚ್ಚರವಾಗಿ ಸುಮ್ಮನೆ ಕುಳಿತ ಕಾರ್ಡು ಇನ್ನೊಂದು 6 ವ್ಯಾಟನ್ನು ಸೇರಿಸಿತೆಂದರೆ ಎರಡೂವರೆ ಗಂಟೆ. ಮೊದಲನೆಯದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗಿಬರುವ ಎರಡು ಪ್ರಯಾಣಗಳಿಗೂ ಒದಗೀತು. ಎರಡನೆಯದು ಒಂದಕ್ಕೆ ಮಾತ್ರ. ಹೀಗೆ ನಷ್ಟವಾದ ವ್ಯಾಟುಗಳೆಲ್ಲವೂ ಶಾಖವಾಗಿಯೇ ಹೊರಬೀಳುವುದರಿಂದ, ಏಪ್ರಿಲ್ಲಿನ ಬಿಸಿಲಿನಲ್ಲಿ ತುಂಬಿದ ಬೋಗಿಯೊಳಗೆ ತೊಡೆ ಸುಡುವುದೂ ಫ್ಯಾನು ಬೊಬ್ಬಿಡುವುದೂ ಅದರೊಡನೆ ಬರುವ ಬಳುವಳಿ.

ಡ್ರೈವರನ್ನು ಉಳಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸಿದ್ಧಿಸುತ್ತದೆಂದು ಹೇಳಿದರೆ ನಾನೂ ಒಂದು ಮೂಢನಂಬಿಕೆಯನ್ನು ಇನ್ನೊಂದರಿಂದ ಬದಲಿಸಿದಂತಾದೀತು. ಕಾರ್ಡೆಂಬುದು ಒಬ್ಬಂಟಿಯಲ್ಲ. ಅದರೊಡನೆ ಒಂದೇ ಚಿಪ್ಪಿನಲ್ಲಿ ಎಚ್‌ಡಿಎಂಐ ಧ್ವನಿಯ ಅಂಗವೊಂದು ಸಾಮಾನ್ಯವಾಗಿ ಇರುತ್ತದೆ. ಹೊಸ ಪೀಳಿಗೆಯ ಕೆಲವದರಲ್ಲಿ ಯುಎಸ್‌ಬಿಯ ಅಂಗಗಳೂ ಸೇರಿರುತ್ತವೆ. ಇವುಗಳಲ್ಲಿ ಒಂದಕ್ಕಾದರೂ ಮಲಗುವ ಅನುಮತಿ ಸಿಕ್ಕದಿದ್ದರೆ ಸೇತುವು ಮಲಗದು, ಸೇತು ಮಲಗದಿದ್ದರೆ ಸರಬರಾಜು ಕಡಿಯದು. ಟ್ಯೂರಿಂಗ್ ಪೀಳಿಗೆಯ ಕಾರ್ಡಿನಲ್ಲಿ ಕಂಪನಿಯ ಡ್ರೈವರಿಗೆ ಈ ಸೌಕರ್ಯವನ್ನು ಆಯ್ಕೆಯೊಂದರ ಮೂಲಕ ಸ್ಪಷ್ಟವಾಗಿ ವಿಧಿಸಬೇಕಾಗಬಹುದು. ಜೊತೆಗೆ ‘ಆಟೋ’ ಎಂಬ ಅನುಮತಿಯನ್ನು ನಿಯಮವಾಗಿ ಬರೆದಿಡಬೇಕಾಗಬಹುದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಹೊರಗಿನ ಮಾನಿಟರಿನ ಕಿಂಡಿಯು ಪ್ರತ್ಯೇಕ ಕಾರ್ಡಿಗೇ ಬೆಸೆಯಲ್ಪಟ್ಟಿರುವುದರಿಂದ, ಮಾನಿಟರನ್ನು ಚುಚ್ಚಿದೊಡನೆ ಕಾರ್ಡು ಏಳುವುದು ಅನಿವಾರ್ಯ. ಡ್ರೈವರನ್ನೇ ಕಿತ್ತೆಸೆದವನಿಗೆ ಆ ಕಿಂಡಿಯೂ ಹೋಯಿತು, ಕಾಲೇಜಿನ ಪ್ರೊಜೆಕ್ಟರಿನ ಮುಂದೆ ನಿಂತಾಗ ಅದರ ಅರಿವಾಗುತ್ತದೆ. ಇವೆಲ್ಲ ಕಷ್ಟಗಳೇ. ಆದರೆ ಇವು ಹೆಸರುಳ್ಳ, ಪರಿಶೀಲಿಸಬಹುದಾದ, ಒಂದೊಂದಾಗಿ ಪರಿಹರಿಸಬಹುದಾದ ಕಷ್ಟಗಳು.

ಎದುರಾಳಿಗೆ ಸಲ್ಲಬೇಕಾದುದನ್ನೂ ಸಲ್ಲಿಸಬೇಕು. ಫರ್ಮ್‌ವೇರಿನಲ್ಲಿಯೇ ಪ್ರತ್ಯೇಕ ಕಾರ್ಡನ್ನು ನಿಲ್ಲಿಸುವ ಆಯ್ಕೆಯಿರುವ ಯಂತ್ರವು ದೊರೆತರೆ ಅದನ್ನು ಬಳಸುವುದಕ್ಕೆ ಆಕ್ಷೇಪವಿಲ್ಲ. ಅಲ್ಲಿ ಕೀಲಿಯನ್ನು ಬಲ್ಲ ತಯಾರಕನೇ ಅದನ್ನು ತಿರುಗಿಸುತ್ತಾನೆ. ಕಾರ್ಡನ್ನು ಪಿಸಿಐ ಪಟ್ಟಿಯಿಂದಲೇ ಅಳಿಸಿಹಾಕುವ ಉಪಾಯವು, ಸೇತುಭಾಗಕ್ಕೆ ಮಲಗುವ ಅನುಮತಿಯೂ ಸಾಮರ್ಥ್ಯವೂ ಇರುವ ಹೊಸ ಯಂತ್ರಗಳಲ್ಲಿ ಫಲಿಸುವುದುಂಟು. ಅಲ್ಲಿಯೂ ಸರಬರಾಜನ್ನು ಕಡಿದದ್ದು ಸೇತುವಿನ ವ್ಯವಸ್ಥೆಯೇ ಹೊರತು ಕಾರ್ಡಿನ ಹೆಸರನ್ನು ಅಳಿಸಿದ ಕ್ರಿಯೆಯಲ್ಲ, ಮತ್ತು ಹಳೆಯ ಯಂತ್ರದಲ್ಲಿ ಅದೇ ಉಪಾಯವು ಎಚ್ಚರವಿರುವ ಕಾರ್ಡನ್ನು ಕಣ್ಣಿಗೆ ಮರೆಮಾಡಿ ಕೊಟ್ಟಷ್ಟಕ್ಕೇ ನಿಂತೀತು. ‘ಬೇಡದ ಕಾರ್ಡುಳ್ಳ ಯಂತ್ರವನ್ನು ಕೊಳ್ಳುವುದೇತಕ್ಕೆ?’ ಎಂಬ ಪ್ರಶ್ನೆಯನ್ನು ಹೊಸ ಯಂತ್ರವನ್ನು ಆರಿಸಿ ಕೊಳ್ಳಬಲ್ಲವರಿಗೆ ಕೇಳುವುದು ಯುಕ್ತ. ಪೇಟೆಯಲ್ಲಿ ಆ ದಿನ ಆ ಬೆಲೆಗೆ ಸಿಕ್ಕಿದ್ದನ್ನು ಮನೆಗೆ ತಂದವರಿಗೆ ಅದನ್ನು ಕೇಳುವುದು ಅಹಂಕಾರ.

ಸಿದ್ಧಾಂತವು ಸಂಕ್ಷೇಪವಾಗಿ ಹೀಗೆ ನಿಲ್ಲುತ್ತದೆ. ಟ್ಯೂರಿಂಗಿಗಿಂತ ಹಿಂದಿನ ಎನ್‌ವಿಡಿಯಾ ಕಾರ್ಡುಳ್ಳವನಿಗೆ, ಆ ಕಾರ್ಡಿನಿಂದ ಕೆಲಸ ಬೇಡವೆಂದಾದರೆ, ನೂವೋ ಡ್ರೈವರನ್ನು ಮರಳಿ ಕರೆಸಿ ಅದರ ಮೇಲಿನ ಬಹಿಷ್ಕಾರವನ್ನು ಎತ್ತಿಹಾಕುವುದೇ ಮೊದಲ ಉಪಾಯ. ಟ್ಯೂರಿಂಗ್ ಮತ್ತು ಅದರಿಂದೀಚೆಯ ಕಾರ್ಡುಳ್ಳವನು ಕಂಪನಿಯ ಡ್ರೈವರನ್ನೇ ಇಟ್ಟುಕೊಂಡು ಅದರ ವಿದ್ಯುತ್ ನಿರ್ವಹಣೆಯನ್ನು ಜಾಗೃತಗೊಳಿಸಲಿ. ಎಎಮ್‌ಡಿ ಕಾರ್ಡುಳ್ಳವನು ಬಹುಮಟ್ಟಿಗೆ ಏನನ್ನೂ ಕೆಡಿಸದೆ ಇದ್ದರೆ ಸಾಕು. ಮೂವರೂ ಕೊನೆಗೆ ಚಾರ್ಜರನ್ನು ಕಿತ್ತು ಅಳೆಯಲಿ. ಮುಂಚಿನ ಅಂಕಿಯನ್ನೂ ಅನಂತರದ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಲಿ. ಇಷ್ಟು ಶ್ರಮವನ್ನು ಬಳಸುವವನಿಂದ ನಿರೀಕ್ಷಿಸುವುದು ಅತಿಯೆಂದು ಯಾರಾದರೂ ಹೇಳಿದರೆ, ಆ ಮಾತನ್ನು ಒಪ್ಪೋಣ; ಆದರೆ ಅದೇ ಶ್ರಮವನ್ನು ಉಪದೇಶಿಸುವವನಿಂದ ನಿರೀಕ್ಷಿಸುವುದು ಅತಿಯಲ್ಲ. ಡ್ರೈವರನ್ನು ತೆಗೆಯೆಂದು ಹೇಳುವ ಪ್ರತಿಯೊಬ್ಬನೂ, ತೆಗೆಯುವ ಮುಂಚೆ ಯಂತ್ರವು ಎಷ್ಟು ವ್ಯಾಟು ಎಳೆಯುತ್ತಿತ್ತು, ತೆಗೆದ ಮೇಲೆ ಎಷ್ಟು ಎಳೆಯುತ್ತಿದೆ ಎಂಬ ಎರಡು ಸಂಖ್ಯೆಗಳನ್ನು ಅದೇ ಮಾದರಿಯ ಯಂತ್ರದಿಂದ ತಂದು ಮುಂದಿಡಲಿ. ತಂದವನ ಮಾತನ್ನು ಶಿರಸಾವಹಿಸಿ ಕೇಳತಕ್ಕದ್ದು. ತಾರದವನಿಗೆ, ಅವನೆಷ್ಟೇ ಅನುಭವಿಯಾಗಿರಲಿ, ಇನ್ನೊಬ್ಬರ ಬ್ಯಾಟರಿಯ ಮೇಲೆ ಪ್ರಯೋಗ ನಡೆಸುವ ಅಧಿಕಾರವಿಲ್ಲ.